ರಾಮನಗರ ಸೀಮೆಯ ಮತದಾನ: 1952ರಿಂದ ಈಚೆಗೆ

ಮಾಗಡಿ, ರಾಮನಗರ, ಕನಕಪುರ ಮತ್ತು ಚನ್ನಪಟ್ಟಣ ವಿಧಾನಸಭಾ ಕ್ಷೇತ್ರಗಳು ರಾಜ್ಯದಲ್ಲಿ ಅತಿ ಹೆಚ್ಚು ಮತದಾನ ನಡೆಯುವ ಕ್ಷೇತ್ರಗಳ ಸಾಲಿನಲ್ಲಿವೆ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಸರಾಸರಿ ಶೇ 73ರ ಆಸುಪಾಸಿನಲ್ಲಿದ್ದರೆ ರಾಮನಗರ ಜಿಲ್ಲೆಯಲ್ಲಿ ಶೇ 85ರಷ್ಟು ಮತದಾನವಾಯಿತು. ಕಲ್ಯದಂಥ ಮಾಗಡಿ ಸೀಮೆಯ ಹಳ್ಳಿಗಳಿಗೆ ಬೆಂಗಳೂರು ಅಷ್ಟೇನೂ ದೂರವಲ್ಲ. ಆದರೂ ಮತಗಟ್ಟೆಯ ವಿಷಯದಲ್ಲಿ ನಗರದ ಉದಾಸೀನ ಈ ಹಳ್ಳಿಗಳಿಗೆ ಹಬ್ಬಿಲ್ಲ.

ಇಲ್ಲಿನ ಮತಕ್ಕೆ ಮೊದಲಿನಿಂದಲೂ ಅಧಿಕಾರದ ನಂಟಿದೆ. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ರಾಮನಗರದಿಂದ ಗೆದ್ದ ಕೆಂಗಲ್ ಹನುಮಂತಯ್ಯ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ಆಗ ಶಾಸಕರಾಗಿರಲಿಲ್ಲ. ಅವರಿಗಾಗಿ ಪಿ.ಜಿ.ಆರ್. ಸಿಂಧ್ಯ ಕನಕಪುರವನ್ನು ತೆರವು ಮಾಡಿಕೊಟ್ಟರು. 1994ರಲ್ಲಿ ರಾಮನಗರದಿಂದ ಗೆದ್ದ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿ, 1996ರಲ್ಲಿ ಪ್ರಧಾನಿಯೂ ಆದರು. ಎಚ್.ಡಿ. ಕುಮಾರಸ್ವಾಮಿ 2006ರಲ್ಲಿ ರಾಮನಗರದ ಶಾಸಕರಾಗಿ, 2018ರಲ್ಲಿ ಚನ್ನಪಟ್ಟಣದ ಶಾಸಕರಾಗಿ ಮುಖ್ಯಮಂತ್ರಿ ಹುದ್ದೆಗೇರಿದರು. ತಾನು ಒತ್ತುವ ಗುಂಡಿ ವಿಧಾನಸೌಧದ ಕುರ್ಚಿಯನ್ನೇ ಅಲುಗಿಸಬಲ್ಲದು ಎಂದು ಬಲ್ಲ ಮತದಾರ ಮನೆಯಲ್ಲಿ ಕೂರುವುದಿಲ್ಲ. ಮತದಾನದ ಪ್ರಮಾಣ ಹೆಚ್ಚಿರುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಕಾಣುವುದಿಲ್ಲ.

ಹಳೆ ಮೈಸೂರಿನ ಹಳ್ಳಿಗಳ ಮತವನ್ನು ವಿದ್ವಾಂಸರು ಅರ್ಥಮಾಡಿಕೊಂಡ ಬಗೆಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಎಂ.ಎನ್. ಶ್ರೀನಿವಾಸ್ 1955ರಲ್ಲಿ ಪ್ರಕಟಿಸಿದ ಬರಹದಲ್ಲಿ ಊರಿನ ದೊಡ್ಡ ಹಿಡುವಳಿದಾರರು ತಮ್ಮ ಆಶ್ರಿತರ ಮತಗಳನ್ನು ಒಟ್ಟಿಗೆ ಹಾಕಿಸುವ ಪದ್ಧತಿಯನ್ನು ಗುರುತಿಸಿದ್ದರು. ಮುಂದೆ ಅವರೇ ರೂಪಿಸಿದ ಪ್ರಬಲ ಜಾತಿಯ ಪರಿಕಲ್ಪನೆ ಒಕ್ಕಲಿಗ ಪ್ರಾಬಲ್ಯದ ಈ ಸೀಮೆಗೂ ಒಪ್ಪುವಂತಿತ್ತು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ, 1987ರಲ್ಲಿ ಹೆಗಡೆ ಸರ್ಕಾರ ನಡೆಸಿದ ಮಂಡಲ ಪಂಚಾಯ್ತಿ ಚುನಾವಣೆ, 1989ರ ಹೊತ್ತಿಗೆ 18ಕ್ಕೆ ಇಳಿದ ಮತದಾನದ ವಯಸ್ಸು ಇವೆಲ್ಲ ಊರ ಯಜಮಾನನ ಹಿಡಿತವನ್ನು ಸಡಿಲಿಸಿದವು. ಮಹಿಳೆಯರಿಗೆ ಮೀಸಲಾತಿ ಬಂದ ಮೇಲೆ ಪಂಚಾಯ್ತಿ ಕಣದಲ್ಲಿ ಹೊಸ ಮುಖಗಳು ಕಂಡವು.

ಆದರೆ ಜಾತಿಯ ಲೆಕ್ಕದಿಂದಲೇ ಇಲ್ಲಿನ ಫಲಿತಾಂಶಗಳನ್ನು ವಿವರಿಸಲಾಗದು. ಎದುರಾಳಿಗಳಿಬ್ಬರೂ ಒಕ್ಕಲಿಗರಾಗಿರುವ ಕಣಗಳೇ ಹೆಚ್ಚು. ಆಗ ಸಮುದಾಯ ನಾಯಕರ ನಡುವೆ ಹಂಚಿಹೋಗುತ್ತದೆ. ಮುಸ್ಲಿಮರು, ಪರಿಶಿಷ್ಟರು, ಇತರ ಹಿಂದುಳಿದವರು ಯಾರತ್ತ ವಾಲುತ್ತಾರೆಂಬುದು ನಿರ್ಣಾಯಕವಾಗುತ್ತದೆ. 2023ರಲ್ಲಿ ರಾಮನಗರದಲ್ಲಿ ದೇವೇಗೌಡರ ಮೊಮ್ಮಗ ನಿಖಿಲ್ ಕುಮಾರಸ್ವಾಮಿಯನ್ನು ಕಾಂಗ್ರೆಸ್ಸಿನ ಇಕ್ಬಾಲ್ ಹುಸೇನ್ 10,715 ಮತಗಳಿಂದ ಸೋಲಿಸಿದರು. ಒಂದೇ ಮನೆತನದ ಭದ್ರಕೋಟೆ ಎನಿಸಿದ್ದ ಕ್ಷೇತ್ರ ಅದು. ದೇವೇಗೌಡರ ಕುಟುಂಬ ಮತ್ತು ಡಿ.ಕೆ. ಶಿವಕುಮಾರ್ ನಡುವಿನ ಪೈಪೋಟಿಯೇ ಮೂರು ದಶಕಗಳಿಗೂ ಮೀರಿ ಜಿಲ್ಲೆಯ ರಾಜಕೀಯದ ಬೆನ್ನೆಲುಬಾಗಿದೆ. 1985ರಲ್ಲಿ ಸಾತನೂರಿನಲ್ಲಿ ದೇವೇಗೌಡರ ಎದುರು ಸೋತ ಶಿವಕುಮಾರ್ 1989ರಲ್ಲಿ ಅಲ್ಲಿಯೇ ಗೆದ್ದರು, 1999ರಲ್ಲಿ ಕುಮಾರಸ್ವಾಮಿಯನ್ನು ಅಲ್ಲಿಯೇ ಸೋಲಿಸಿದರು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸಾತನೂರು ಇಲ್ಲವಾದ ಮೇಲೆ ಕನಕಪುರ ಅವರ ನೆಲೆಯಾಯಿತು. 2023ರಲ್ಲಿ ಅಲ್ಲಿ ಅವರ ಗೆಲುವಿನ ಅಂತರ 1,22,392.

ಮತ ಪಕ್ಷಕ್ಕೋ ವ್ಯಕ್ತಿಗೋ ಎಂಬ ಪ್ರಶ್ನೆಗೆ ಚನ್ನಪಟ್ಟಣದಷ್ಟು ಸ್ಪಷ್ಟವಾದ ಉತ್ತರ ಬೇರೆಲ್ಲೂ ಸಿಗದು. ಸಿ.ಪಿ. ಯೋಗೇಶ್ವರ ಅಲ್ಲಿಂದ 1999ರಲ್ಲಿ ಪಕ್ಷೇತರರಾಗಿ, 2004 ಮತ್ತು 2008ರಲ್ಲಿ ಕಾಂಗ್ರೆಸ್ಸಿನಿಂದ, 2011ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ, 2013ರಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದರು. ಆ ಪಕ್ಷದ ಸೈಕಲ್ ಗುರುತಿಗೆ ಈ ಸೀಮೆಯಲ್ಲಿ ಬೇರಿರಲಿಲ್ಲ, ಗೆದ್ದದ್ದು ಅಭ್ಯರ್ಥಿ. ಶಿಂಷಾ ನದಿಯ ಇಗ್ಗಲೂರು ಅಣೆಕಟ್ಟಿನಿಂದ ನೀರೆತ್ತಿ ಒಣಗಿದ ಕೆರೆಗಳನ್ನು ತುಂಬಿಸಿದ ಕೆಲಸ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಮಾವು, ತೆಂಗು, ರೇಷ್ಮೆ ನಂಬಿದ ರೈತನಿಗೆ ಕೆರೆ ತುಂಬುವುದೆಂದರೆ ಬದುಕು ನೆಲೆ ನಿಲ್ಲುವುದು. ಆ ಮತವನ್ನು ಬರೀ ವ್ಯಕ್ತಿಮೋಹವೆಂದು ತಳ್ಳಿಹಾಕುವುದು ಅನ್ಯಾಯ. 2018, 2023ರಲ್ಲಿ ಕುಮಾರಸ್ವಾಮಿ ಎದುರು ಸೋತ ಯೋಗೇಶ್ವರ, ಕುಮಾರಸ್ವಾಮಿ ಲೋಕಸಭೆಗೆ ಹೋದ ಬಳಿಕ 2024ರ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಮರಳಿ ಜೆಡಿಎಸ್‌ನ ನಿಖಿಲ್ ವಿರುದ್ಧ 25,413 ಮತಗಳಿಂದ ಗೆದ್ದರು. ಮತದಾನ ಶೇ 88 ದಾಟಿತ್ತು. ಜೆಡಿಎಸ್ ಬಿಜೆಪಿಯ ಜೊತೆಗೂಡಿದ್ದರಿಂದ ಮುಸ್ಲಿಂ ಮತಗಳು ಅದರಿಂದ ದೂರ ಸರಿದದ್ದೂ ಈ ಫಲಿತಾಂಶಕ್ಕೆ ಮುಖ್ಯ ಕಾರಣವೆಂದು ವಿಶ್ಲೇಷಕರು ಗುರುತಿಸಿದರು.

ಮಾಗಡಿಯದೂ ಇದೇ ಜಾಡು. 2013ರಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದ ಎಚ್.ಸಿ. ಬಾಲಕೃಷ್ಣ 2018ರಲ್ಲಿ ಕಾಂಗ್ರೆಸ್ಸಿಗೆ, ಕಾಂಗ್ರೆಸ್ಸಿನ ಎ. ಮಂಜುನಾಥ್ ಜೆಡಿಎಸ್‌ಗೆ ಹೋದರು. ಆ ಬಾರಿ ಮಂಜುನಾಥ್, 2023ರಲ್ಲಿ ಬಾಲಕೃಷ್ಣ ಗೆದ್ದರು.

ಲೋಕಸಭೆಯ ಮತದಾನದ ದಾರಿ ಬೇರೆ. ಹಿಂದಿನ ಕನಕಪುರ ಲೋಕಸಭಾ ಕ್ಷೇತ್ರ 1998ರಲ್ಲಿ ಬಿಜೆಪಿಯನ್ನು ಗೆಲ್ಲಿಸಿತು. 2002ರ ಉಪಚುನಾವಣೆಯಲ್ಲಿ ದೇವೇಗೌಡರನ್ನು ಆರಿಸಿ, 2004ರಲ್ಲಿ ಅವರನ್ನೇ ಸೋಲಿಸಿ ತೇಜಸ್ವಿನಿ ಶ್ರೀರಮೇಶ್ ಅವರನ್ನು ಕಳುಹಿಸಿತು. 2009ರಿಂದ ಈ ನಾಲ್ಕೂ ಕ್ಷೇತ್ರಗಳು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿವೆ. ಅಲ್ಲಿ 2013ರ ಉಪಚುನಾವಣೆಯಿಂದ ಗೆಲ್ಲುತ್ತಾ ಬಂದ ಡಿ.ಕೆ. ಸುರೇಶ್, 2019ರಲ್ಲಿ ರಾಜ್ಯದಿಂದ ಆಯ್ಕೆಯಾದ ಏಕೈಕ ಕಾಂಗ್ರೆಸ್ ಸಂಸದ. 2024ರಲ್ಲಿ ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಬಿಜೆಪಿಯಿಂದ ನಿಂತು ಅವರನ್ನು 2,69,647 ಮತಗಳಿಂದ ಸೋಲಿಸಿದರು. ಅಂತರದ ಬಹುಪಾಲು ಬಂದದ್ದು ಬೆಂಗಳೂರಿಗೆ ಅಂಟಿಕೊಂಡ ಕ್ಷೇತ್ರಗಳಿಂದ. ಗ್ರಾಮೀಣ ಭಾಗದಲ್ಲಿ ಶೇ 80ಕ್ಕೂ ಮಿಕ್ಕಿ ಮತದಾನವಾದರೆ ರಾಜರಾಜೇಶ್ವರಿನಗರ ಮತ್ತು ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರಗಳಲ್ಲಿ ಅದು ಶೇ 60ನ್ನೂ ಮುಟ್ಟಲಿಲ್ಲ. ಆದರೆ ಬೆಂಗಳೂರು ದಕ್ಷಿಣ ಒಂದರಲ್ಲೇ ಕನಕಪುರ ಮತ್ತು ಚನ್ನಪಟ್ಟಣ ಎರಡನ್ನೂ ಕೂಡಿಸಿದರೂ ಮೀರಿಸುವಷ್ಟು ಮತದಾರರಿದ್ದಾರೆ. ಅರ್ಧದಷ್ಟು ಜನ ಮತ ಹಾಕಿದರೂ ಅಲ್ಲಿ ಬೀಳುವ ಮತ ಚನ್ನಪಟ್ಟಣದ ಇಡೀ ಮತದಾರರ ಪಟ್ಟಿಗಿಂತ ಹೆಚ್ಚು.