ಬಾಗಿಲ ಬಂಡೆಯಿಂದ ಬಸುರಿಯ ಕತ್ತಿಗೆ

“ಅವಳಿಗೆ ಥೈರಾಯ್ಡ್ ಇದೆಯಂತೆ.” ಬಸುರಿಯರ ಬಗ್ಗೆ ಈಗ ಮನೆಮನೆಯಲ್ಲೂ ಕೇಳಿಬರುವ ಮಾತು. ಇಲ್ಲದವರು ಯಾರು? ಎಲ್ಲರ ಕತ್ತಿನಲ್ಲೂ ಇರುವ ಗ್ರಂಥಿ ಅದು. ಬಿಪಿ, ಶುಗರ್‌ಗಳ ಹಾಗೆ ಇದೂ ಕನ್ನಡಕ್ಕೆ ಬಂದು ಕಾಯಿಲೆಯ ಹೆಸರಾಯಿತು.

ಪದದ ಬೇರು ಗ್ರೀಕಿನ ‘ಥುರಾ’, ಅಂದರೆ ಬಾಗಿಲು. ಸಂಸ್ಕೃತದ ದ್ವಾರ, ಇಂಗ್ಲಿಷಿನ ಡೋರ್ ಇದರ ದಾಯಾದಿಗಳು. ಅದರಿಂದ ಹುಟ್ಟಿದ ‘ಥುರೆಯೋಸ್’ ಹೋಮರನ ಒಡಿಸ್ಸಿಯಲ್ಲಿ ಬರುತ್ತದೆ. ಅಲ್ಲಿ ಒಕ್ಕಣ್ಣ ರಾಕ್ಷಸ ಗುಹೆಯ ಬಾಯಿಗೆ ಅಡ್ಡ ಇಡುವ ಬಂಡೆ ಅದು. ಮುಂದೆ ಬಾಗಿಲಿನಷ್ಟು ಉದ್ದದ ಗುರಾಣಿಗೂ ಅದೇ ಹೆಸರು ಬಿತ್ತು. ಗಂಡಸರ ಗಂಟಲಲ್ಲಿ ಉಬ್ಬಿ ಕಾಣುವ ಮೃದ್ವಸ್ಥಿಗೆ ಗ್ರೀಕ್ ವೈದ್ಯ ಗೇಲನ್ ‘ಗುರಾಣಿಯಂಥದ್ದು’ ಎಂದ. 1656ರಲ್ಲಿ ಲಂಡನ್ನಿನ ಥಾಮಸ್ ವಾರ್ಟನ್ ಪಕ್ಕದ ಗ್ರಂಥಿಗೂ ಅದನ್ನೇ ಅಂಟಿಸಿದ. ಹೀಗೆ ಗ್ರಂಥಿಗೆ ಸಿಕ್ಕಿದ್ದು ನೆರೆಮನೆಯ ಹೆಸರು. ಅದರ ಕೆಲಸವೇನೆಂದು ವಾರ್ಟನ್ನನಿಗೂ ತಿಳಿದಿರಲಿಲ್ಲ. ಕತ್ತನ್ನು ದುಂಡಗೆ ಮಾಡಿ, ಅದರಲ್ಲೂ ಹೆಂಗಸರಿಗೆ, ಚೆಲುವು ಕೊಡುತ್ತದೆ ಎಂದುಕೊಂಡಿದ್ದ! ಅದರ ರಸವಾದ ಥೈರಾಕ್ಸಿನ್ನನ್ನು ಅಮೆರಿಕದ ಎಡ್ವರ್ಡ್ ಕೆಂಡಾಲ್ ಬೇರ್ಪಡಿಸಿದ್ದು 1914ರಲ್ಲಿ.

ನಮ್ಮ ಕಡೆ ಕಣ್ಣಿಗೆ ಬಿದ್ದದ್ದು ಗ್ರಂಥಿಯಲ್ಲ, ಅದರ ಊತ. ಸುಶ್ರುತ ಸಂಹಿತೆಯ ‘ಗಲಗಂಡ’ ಕನ್ನಡದಲ್ಲಿ ಗಳಗಂಡವಾಯಿತು. ಗಳ ಎಂದರೆ ಕೊರಳು, ಗಂಡ ಎಂದರೆ ಬಾವು. (ಮನೆಯ ಗಂಡನಿಗೂ ಇದಕ್ಕೂ ನಂಟಿಲ್ಲ.) ಕತ್ತು ಊದಿದರೆ ಮಾತ್ರ ಈ ಪದ ಕೆಲಸಕ್ಕೆ ಬರುತ್ತದೆ. ಇಂದಿನ ಬಸುರಿಯ ಕತ್ತು ನುಣ್ಣಗಿರುತ್ತದೆ, ಏರುಪೇರು ಗೊತ್ತಾಗುವುದು ರಕ್ತಪರೀಕ್ಷೆಯಲ್ಲಿ. ಆದ್ದರಿಂದ ಗಳಗಂಡ ಹಿಂದೆ ಸರಿದು ಥೈರಾಯ್ಡ್ ಮುಂದೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ತೊಂದರೆ ಇರುವುದು ‘ಇದೆ’ ಎಂಬ ಮಾತಿನಲ್ಲಿ. ಹಾಗೆ ಹೇಳಿಸಿಕೊಳ್ಳುವ ಹೆಚ್ಚಿನ ಬಸುರಿಯರಲ್ಲಿ ಆಗಿರುವುದು ಥೈರಾಯ್ಡ್ ರಸ ಸಾಲದಿರುವುದು. ಮೊದಲ ಸುಮಾರು 12 ವಾರ ಮಗುವಿನ ಗ್ರಂಥಿ ರಸ ತಯಾರಿಸುವುದಿಲ್ಲ; ಮಿದುಳು ಬೆಳೆಯಲು ಬೇಕಾದಷ್ಟೂ ತಾಯಿಯಿಂದಲೇ ಹೋಗಬೇಕು. ಅದಕ್ಕೇ ಬಸಿರಿನಲ್ಲಿ ತಾಯಿಯ ಗ್ರಂಥಿ ಅರ್ಧದಷ್ಟು ಹೆಚ್ಚು ದುಡಿಯುತ್ತದೆ, ಅಯೋಡಿನ್ ಬೇಡಿಕೆಯೂ ದಿನಕ್ಕೆ 150ರಿಂದ 250 ಮೈಕ್ರೋಗ್ರಾಮಿಗೆ ಏರುತ್ತದೆ. ಮೊದಲೇ ಮಾತ್ರೆ ನುಂಗುತ್ತಿದ್ದವಳಿಗೆ ಬಸಿರು ನಿಂತೊಡನೆ ವೈದ್ಯರು ಪ್ರಮಾಣ ಏರಿಸುವುದು ಇದೇ ಲೆಕ್ಕದ ಮೇಲೆ.

ಆದರೆ ‘ಥೈರಾಯ್ಡ್ ಇದೆ’ ಎಂದು ಕೇಳಿದ ಅತ್ತೆಗೆ ಹೊಳೆಯುವುದು ಒಳಗೆ ಸೇರಿಕೊಂಡ ರೋಗ. ಹೊಟ್ಟೆಯಲ್ಲಿ ಕೂಸಿರುವಾಗ ರೋಗದ ಮಾತ್ರೆ ಯಾಕಮ್ಮಾ, ಸ್ವಲ್ಪ ದಿನ ಬಿಡು ಎನ್ನುತ್ತಾರೆ. ಆ ಮಾತ್ರೆಯಲ್ಲಿರುವುದು ಮೈಯೇ ತಯಾರಿಸಬೇಕಿದ್ದ ಥೈರಾಕ್ಸಿನ್. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು; ಬಸುರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಬೇಕು, ಇಲ್ಲದಿದ್ದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.