ಎಂಟು ಗಂಟೆ ಚಾರ್ಜಿನ ಕಟ್ಟಳೆ

ಹೊಸ ಮೊಬೈಲನ್ನು ಮೊದಲ ಸಲ ಎಂಟು ಗಂಟೆ ಚಾರ್ಜಿಗೆ ಹಾಕಬೇಕು, ಆಮೇಲೆ ಪೂರ್ತಿ ಖಾಲಿಯಾಗುವ ತನಕ ಮತ್ತೆ ಹಾಕಬಾರದು ಎಂಬ ಕಟ್ಟಳೆ ಸ್ಮಾರ್ಟ್‌ಫೋನಿಗಿಂತ ಹಳೆಯದು. ಅದು ಬಂದಿದ್ದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯಿಂದ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ರೂಪಿಸಿದ ಈ ಬಗೆಯ ಬ್ಯಾಟರಿಯೇ 1983ರ ಮೊಟೊರೊಲಾ ಡೈನಾಟ್ಯಾಕ್ ಕೈಫೋನಿನ ಒಳಗಿತ್ತು. ಹತ್ತು ಗಂಟೆ ಚಾರ್ಜಿಗಿಟ್ಟರೆ ಅರ್ಧ ಗಂಟೆ ಮಾತಾಡಬಹುದಾಗಿದ್ದ ಫೋನದು.

ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಪ್ರತಿಸಲವೂ ಅರ್ಧಕ್ಕೇ ಇಳಿಸಿ ಮತ್ತೆ ತುಂಬುತ್ತಿದ್ದರೆ ಅದರೊಳಗಿನ ಹರಳುಗಳು ದಪ್ಪಗಾಗುತ್ತವೆ. ಕೊನೆಗೆ ಬ್ಯಾಟರಿ ಆ ಅರ್ಧಕ್ಕೆ ಬಂದೊಡನೆ ಸೋಲುತ್ತದೆ. ಇದಕ್ಕೆ 'ಮೆಮೊರಿ ಎಫೆಕ್ಟ್' ಎಂದು ಹೆಸರು. ದಿನಬಳಕೆಯಲ್ಲಿ ಪ್ರತಿಸಲ ಕರಾರುವಾಕ್ಕಾಗಿ ಒಂದೇ ಮಟ್ಟಕ್ಕೆ ಇಳಿಸುವವರು ಯಾರೂ ಇರಲಿಲ್ಲ. ಬ್ಯಾಟರಿ ಕೆಡುತ್ತಿದ್ದುದು ಬಹುಪಾಲು ಅತಿಯಾಗಿ ಚಾರ್ಜ್ ಮಾಡಿದ್ದರಿಂದ. ಆದರೂ ಪೂರ್ತಿ ಇಳಿಸಿ ಪೂರ್ತಿ ತುಂಬುವ ಪದ್ಧತಿ ಆ ಬ್ಯಾಟರಿಗೆ ಒಗ್ಗುತ್ತಿತ್ತು.

ಲಿಥಿಯಂ-ಅಯಾನ್ ಬ್ಯಾಟರಿಯ ಸ್ವಭಾವವೇ ಬೇರೆ. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡೆನಫ್ ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಬಳಕೆಗೆ ತಂದರು, 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಅದರಿಂದ ಕೆಲಸಕ್ಕೆ ಬರುವ ಬ್ಯಾಟರಿ ಕಟ್ಟಿದರು, 1991ರಲ್ಲಿ ಸೋನಿ ಮಾರಾಟಕ್ಕಿಟ್ಟಿತು. ಇದರಲ್ಲಿ ಮೆಮೊರಿಯ ಕಾಟವಿಲ್ಲ. ಇದನ್ನು ಸವೆಸುವುದು ಎರಡು: ಮೇಲ್ಮಟ್ಟದ ವೋಲ್ಟೇಜು ಮತ್ತು ಬಿಸಿ. ನೂರಕ್ಕೆ ನೂರು ತುಂಬಿ 25 ಡಿಗ್ರಿಯಲ್ಲಿ ಒಂದು ವರ್ಷ ಸುಮ್ಮನಿಟ್ಟರೂ ಸುಮಾರು ಐದನೇ ಒಂದು ಪಾಲು ಶಕ್ತಿ ಕಾಯಮ್ಮಾಗಿ ಹೋಗುತ್ತದೆ. 40 ಡಿಗ್ರಿಯಲ್ಲಾದರೆ ಮೂರನೇ ಒಂದು ಪಾಲು. ರಾಯಚೂರು, ಕಲಬುರಗಿಯ ಬೇಸಿಗೆ ಆ 40ನ್ನು ದಾಟುವಂಥದ್ದು. ತೀರಾ ಸೊನ್ನೆಗಿಳಿಸುವುದೂ ಇದಕ್ಕೆ ಆಗದು.

ಭಾರತದಲ್ಲಿ ಮೊಬೈಲ್ ಮಾತು ಶುರುವಾದದ್ದು 1995ರ ಜುಲೈ 31ರಂದು. ಕರ್ನಾಟಕದ ಹಳ್ಳಿಪೇಟೆಗಳಿಗೆ ಅದು ತಲುಪುವ ಹೊತ್ತಿಗೆ ಲಿಥಿಯಂ ಬಂದಾಗಿತ್ತು. 2003ರ ನೋಕಿಯಾ 1100ರ ಬ್ಯಾಟರಿಯೂ ಲಿಥಿಯಮ್ಮಿನದೇ. ಅಂದರೆ ಎಂಟು ಗಂಟೆಯ ಕಟ್ಟಳೆ ಇಲ್ಲಿಗೆ ಬಂದದ್ದೇ ಹಳಸಿ. ಬ್ಯಾಟರಿ ತುಂಬಿದೊಡನೆ ಫೋನು ತಾನೇ ಚಾರ್ಜ್ ನಿಲ್ಲಿಸುತ್ತಿದ್ದುದರಿಂದ ಅದರಿಂದಾದ ಹಾನಿ ಕಡಿಮೆ. ಹಾಗಾಗಿಯೇ ಅದರ ತಪ್ಪೂ ಯಾರ ಕಣ್ಣಿಗೂ ಬೀಳಲಿಲ್ಲ. ಇನ್ನು ಲೋಡ್ ಶೆಡ್ಡಿಂಗಿನ ಊರುಗಳಲ್ಲಿ ಎಂಟು ಗಂಟೆ ಒಟ್ಟಿಗೆ ಕರೆಂಟ್ ಸಿಕ್ಕುವುದೇ ದುರ್ಲಭ. ಬಂದಾಗ ಬಂದಷ್ಟು ಹಾಕಿಕೊಳ್ಳುವುದೇ ಅಲ್ಲಿಯ ರೂಢಿಯಾಯಿತು. ಲಿಥಿಯಮ್ಮಿಗೆ ಹಿತವಾದದ್ದೂ ಅದೇ.

ಆ ಕಾಲದ ಆರೈಕೆಯೆಲ್ಲ ಬ್ಯಾಟರಿ ಕೈಗೆ ಸಿಗುತ್ತಿದ್ದುದರಿಂದ ಬೆಳೆದದ್ದು. 'ಚಾರ್ಜ್ ನಿಲ್ತಿಲ್ಲ' ಎಂದು ಬಂದವರ ಫೋನನ್ನು ಅಂಗಡಿಯವನು ಮಗುಚಿ, ಹಿಂದಿನ ಮುಚ್ಚಳ ಸರಿಸಿ, ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿ ಕೌಂಟರಿನ ಗಾಜಿನ ಮೇಲೆ ಒಮ್ಮೆ ತಿರುಗಿಸುತ್ತಿದ್ದ. ಚಪ್ಪಟೆಯಾಗಿದ್ದರೆ ಅಲ್ಲೇ ನಿಲ್ಲುತ್ತದೆ. ಬುಗುರಿಯಂತೆ ಸುತ್ತಿದರೆ ಊದಿಕೊಂಡಿದೆ ಎಂದರ್ಥ, ಹೊಸದು ಹಾಕಿಸಲೇಬೇಕು. ಬ್ಯಾಟರಿಯನ್ನಷ್ಟೇ ಕಚ್ಚಿ ಹಿಡಿದು ತುಂಬುವ, ದೀಪ ಮಿನುಗಿಸುವ ಕ್ಲಿಪ್ಪಿನ ಚಾರ್ಜರುಗಳೂ ಬಂದವು. 2007ರ ಆಗಸ್ಟಿನಲ್ಲಿ ನೋಕಿಯಾ, ಮತ್ಸುಶಿಟಾ ಕಂಪನಿ ತಯಾರಿಸಿದ್ದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜಿನ ವೇಳೆ ಬಿಸಿಯಾಗಬಹುದೆಂದು ಎಚ್ಚರಿಸಿ ಬದಲಿಸಿಕೊಡಲು ಮುಂದಾದಾಗ, ಜನ ತಮ್ಮ ಬ್ಯಾಟರಿ ತೆಗೆದು ಬೆನ್ನ ಮೇಲಿನ 26 ಅಕ್ಷರಗಳ ಸಂಖ್ಯೆ ನೋಡಬೇಕಾಯಿತು.

ಅದೇ 2007ರಲ್ಲಿ ಬಂದ ಐಫೋನಿನ ಬ್ಯಾಟರಿ ಒಳಗೇ ಮುಚ್ಚಿಹೋಗಿತ್ತು. ಮುಂದೆ ಉಳಿದವರೂ ಅದೇ ದಾರಿ ಹಿಡಿದರು. ಒಂದು ದಿನದ ಚಾರ್ಜಿಗೇ ಪರದಾಡುವ ಸ್ಮಾರ್ಟ್‌ಫೋನಿನಲ್ಲಿ ಆರೈಕೆ ಪರದೆಯ ಮೇಲಕ್ಕೆ ಬಂತು: ಬೆಳಕು ತಗ್ಗಿಸುವುದು, ಜಿಪಿಎಸ್ ಆರಿಸುವುದು, ತೆರೆದ ಆ್ಯಪ್‌ಗಳನ್ನೆಲ್ಲ ಬೆರಳಿನಿಂದ ಗುಡಿಸಿಹಾಕುವುದು. ಮೊದಲೆರಡರಿಂದ ಚಾರ್ಜ್ ಉಳಿಯುತ್ತದೆ. ಮೂರನೆಯದು ಹೊಸ ಕಾಲದ ಎಂಟು ಗಂಟೆ ಕಟ್ಟಳೆ. ಸುಮ್ಮನೆ ನಿಂತ ಆ್ಯಪನ್ನು ಕೊಂದು ಮತ್ತೆ ಮೊದಲಿನಿಂದ ಎಬ್ಬಿಸುವುದಕ್ಕೇ ಹೆಚ್ಚು ಖರ್ಚು. 2015ರಲ್ಲಿ ಆಂಡ್ರಾಯ್ಡ್ 6ರ ಡೋಜ್, ಐಒಎಸ್ 9ರ ಲೋ ಪವರ್ ಮೋಡ್ ಬಂದ ಮೇಲೆ ಈ ಕಾವಲನ್ನು ಫೋನೇ ಬಹುಮಟ್ಟಿಗೆ ವಹಿಸಿಕೊಂಡಿತು.

ಫೋನು ವಹಿಸಿಕೊಂಡದ್ದೆಲ್ಲ ಬಳಸುವವರಿಗೆ ಗೊತ್ತಿರಲಿಲ್ಲ. ಹಳೆಯ ಬ್ಯಾಟರಿಯ ಐಫೋನುಗಳು ಇದ್ದಕ್ಕಿದ್ದಂತೆ ಆರಿಹೋಗದಿರಲೆಂದು ತಾನು ಅವುಗಳ ವೇಗ ತಗ್ಗಿಸುತ್ತಿರುವುದಾಗಿ ಆಪಲ್ ಒಪ್ಪಿಕೊಂಡದ್ದು 2017ರ ಡಿಸೆಂಬರಿನಲ್ಲಿ. ಕ್ಷಮೆ ಕೇಳಿ, 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯ ದರವನ್ನು 29ಕ್ಕೆ ಇಳಿಸಿತು. ಮರುವರ್ಷ ಬ್ಯಾಟರಿಯ ಆರೋಗ್ಯವನ್ನು ಶೇಕಡಾ ಲೆಕ್ಕದಲ್ಲಿ ಪರದೆಯ ಮೇಲೆ ತೋರಿಸತೊಡಗಿತು. 2019ರ ಐಒಎಸ್ 13, ರಾತ್ರಿ ಚಾರ್ಜಿಗಿಟ್ಟ ಫೋನನ್ನು 80ಕ್ಕೆ ತಡೆದು, ಬಳಸುವವರು ಏಳುವ ಹೊತ್ತಿಗೆ ಉಳಿದದ್ದನ್ನು ತುಂಬುವ ವ್ಯವಸ್ಥೆ ತಂದಿತು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಮಾರಾಟಕ್ಕೆ ಬರುವ ಸ್ಮಾರ್ಟ್‌ಫೋನಿನ ಬ್ಯಾಟರಿ 800 ಸಲ ತುಂಬಿ ಇಳಿದ ಮೇಲೂ ಮೂಲ ಶಕ್ತಿಯ ಶೇ. 80ನ್ನು ಉಳಿಸಿಕೊಂಡಿರಬೇಕೆಂಬುದು ಕಾನೂನು.