ವರ್ಲಿಯ ಸರ್ದಾರ್ ವಲ್ಲಭಭಾಯಿ ಪಟೇಲ್ ಒಳಾಂಗಣ ಕ್ರೀಡಾಂಗಣ

ಬಾಂದ್ರಾದಿಂದ ಸಮುದ್ರ ಸೇತುವೆಯನ್ನು ದಾಟಿ, ವರ್ಲಿಯ ಮೂಲಕ ಹಾಜಿ ಅಲಿಯತ್ತ ಸಾಗುವವರಿಗೆ ಲಾಲಾ ಲಜಪತರಾಯ್ ಮಾರ್ಗದಲ್ಲಿ ಬೃಹತ್ ಗುಮ್ಮಟವೊಂದು ಗೋಚರಿಸುತ್ತದೆ. ಇದೇ ಸರ್ದಾರ್ ವಲ್ಲಭಭಾಯಿ ಪಟೇಲ್ ಒಳಾಂಗಣ ಕ್ರೀಡಾಂಗಣ. ಇದರ ಒಡೆತನವು ನ್ಯಾಷನಲ್ ಸ್ಪೋರ್ಟ್ಸ್ ಕ್ಲಬ್ ಆಫ್ ಇಂಡಿಯಾ ಸಂಸ್ಥೆಯದಾದುದರಿಂದ ಜನರ ಬಾಯಲ್ಲಿ ‘ಎನ್.ಎಸ್.ಸಿ.ಐ. ಡೋಮ್’ ಎಂಬ ಹೆಸರೇ ರೂಢಿಯಲ್ಲಿದೆ. 1950ರ ಡಿಸೆಂಬರ್ 15ರಂದು ಮುಂಬಯಿಯಲ್ಲೇ ನಿಧನರಾದ ಪಟೇಲರ ಹೆಸರನ್ನು ಹೊತ್ತ ಈ ಕಟ್ಟಡವು 1957ರಲ್ಲಿ ನಿರ್ಮಾಣವಾಯಿತು. ದೇಶದ ಅತಿ ಹಳೆಯ ಒಳಾಂಗಣ ಕ್ರೀಡಾಂಗಣಗಳಲ್ಲಿ ಇದೂ ಒಂದು. ಸುಮಾರು 5,000 ಪ್ರೇಕ್ಷಕರು ಇಲ್ಲಿ ಕುಳಿತು ಆಟವನ್ನು ವೀಕ್ಷಿಸಬಹುದು.

ಚಾವಣಿಯ ಅಗತ್ಯ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಮುಂಬಯಿಯ ಮೈದಾನಗಳೆಲ್ಲ ಕೆಸರಿನ ಹೊಂಡಗಳಾಗುತ್ತವೆ. ವರ್ಷದ ಮೂರನೆಯ ಒಂದು ಭಾಗವನ್ನು ಮಳೆಗೆ ಒಪ್ಪಿಸುವ ನಗರದಲ್ಲಿ ಚಾವಣಿಯುಳ್ಳ ಕ್ರೀಡಾಂಗಣವು ಆಡಂಬರವಲ್ಲ, ಅವಶ್ಯಕತೆ. ಬಿಸಿಲು, ಗಾಳಿಗಳ ಹಂಗಿಲ್ಲದೆ ಆಡಬೇಕಾದ ಬ್ಯಾಡ್ಮಿಂಟನ್ ಹಾಗೂ ಟೇಬಲ್ ಟೆನಿಸ್ ಆಟಗಳಿಗಂತೂ ಇದು ಅನಿವಾರ್ಯ. ಏಷ್ಯಾ ಖಂಡದಲ್ಲಿ ಮೊತ್ತಮೊದಲ ಬಾರಿಗೆ ವಿಶ್ವ ಟೇಬಲ್ ಟೆನಿಸ್ ಪಂದ್ಯಾಟ ಜರಗಿದ್ದು ಮುಂಬಯಿಯಲ್ಲಿ, 1952ರಲ್ಲಿ. ಸ್ಪಂಜು ಹೊದಿಸಿದ ಬ್ಯಾಟು ಹಿಡಿದು ಬಂದ ಜಪಾನಿನ ಹಿರೋಜಿ ಸಾಟೊ ಅಂದು ಪುರುಷರ ಪ್ರಶಸ್ತಿ ಗೆದ್ದು ಆ ಆಟದ ದಿಕ್ಕನ್ನೇ ಬದಲಿಸಿದರು. ವರ್ಲಿಯ ಕ್ರೀಡಾಂಗಣವು ತಲೆಯೆತ್ತಿದ್ದು ಇದಾದ ಐದು ವರ್ಷಗಳ ತರುವಾಯ.

ಕುಸ್ತಿಯಿಂದ ಕಬಡ್ಡಿಯವರೆಗೆ

ಹಿರಿಯ ತಲೆಮಾರಿನವರಿಗೆ ಈ ಸ್ಥಳವೆಂದರೆ ದಾರಾ ಸಿಂಗ್ ಅವರ ಕುಸ್ತಿ. ದೂರದರ್ಶನವಿನ್ನೂ ಮನೆಮನೆಗೆ ಬಾರದ ಆ ದಿನಗಳಲ್ಲಿ ಅವರ ಫ್ರೀಸ್ಟೈಲ್ ಕುಸ್ತಿಗಳು ಇಲ್ಲಿ ಜನಸಾಗರವನ್ನೇ ಸೆಳೆದವು.

ಮುಂದಿನ ತಲೆಮಾರಿಗೆ ಈ ಗುಮ್ಮಟವನ್ನು ಮತ್ತೆ ಪರಿಚಯಿಸಿದ್ದು ಕಬಡ್ಡಿ. ಬಯಲಿನ ಮಣ್ಣಿನಲ್ಲಿ ಆಡುತ್ತಿದ್ದ ಈ ಆಟವು ಮ್ಯಾಟಿನ ಮೇಲೆ, ಬೆಳಕಿನ ಹೊನಲಿನಲ್ಲಿ ಹೊಸ ರೂಪ ತಳೆಯಿತು. ಪ್ರೊ ಕಬಡ್ಡಿ ಲೀಗಿನ ಪ್ರಪ್ರಥಮ ಪಂದ್ಯ ಇಲ್ಲಿಯೇ 2014ರ ಜುಲೈ 26ರಂದು ನಡೆದು, ಯು ಮುಂಬಾ ತಂಡವು ಜೈಪುರ ಪಿಂಕ್ ಪ್ಯಾಂಥರ್ಸ್ ತಂಡವನ್ನು 45-31ರಿಂದ ಸೋಲಿಸಿತು. 2015ರ ಅಂತಿಮ ಪಂದ್ಯ ಮುಂಬಯಿ ಕನ್ನಡಿಗರನ್ನು ಧರ್ಮಸಂಕಟಕ್ಕೆ ಸಿಲುಕಿಸಿತು. ಒಂದು ಕಡೆ ಕರ್ಮಭೂಮಿಯ ಯು ಮುಂಬಾ, ಇನ್ನೊಂದು ಕಡೆ ಜನ್ಮಭೂಮಿಯ ಬೆಂಗಳೂರು ಬುಲ್ಸ್! ಮುಂಬಯಿಯವರೇ ಆದ ರಿಷಾಂಕ್ ದೇವಾಡಿಗ ಅವರನ್ನೊಳಗೊಂಡ ಯು ಮುಂಬಾ 36-30ರಿಂದ ಗೆದ್ದಿತು. 2019ರ ಜನವರಿ 5ರಂದು ಇದೇ ಅಂಗಣದಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಮಣಿಸಿ ತನ್ನ ಮೊದಲ ಪ್ರಶಸ್ತಿಯನ್ನು ಪಡೆಯಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ಗಳಿಸಿದ್ದರು.

ಅದೇ ವರ್ಷದ ಅಕ್ಟೋಬರ್ 4 ಮತ್ತು 5ರಂದು ಅಮೆರಿಕದ ಎನ್.ಬಿ.ಎ. ಬಾಸ್ಕೆಟ್‌ಬಾಲ್ ತಂಡಗಳಾದ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಭಾರತದಲ್ಲಿ ಮೊದಲ ಬಾರಿಗೆ ಆಡಿದ್ದೂ ಇಲ್ಲಿಯೇ. ಮೊದಲ ದಿನದ ಪಂದ್ಯದಲ್ಲಿ ಶಾಲಾ ಮಕ್ಕಳೇ ಪ್ರೇಕ್ಷಕರಾಗಿದ್ದರು. ಹೆಚ್ಚುವರಿ ಅವಧಿಗೆ ಬೆಳೆದ ಆ ಪಂದ್ಯ 132-131ರಿಂದ ಪೇಸರ್ಸ್ ಪಾಲಾಯಿತು.

ಆಟದಾಚೆಗಿನ ಬಳಕೆ

ಚಾವಣಿಯ ಕೆಳಗಿನ ವಿಶಾಲವಾದ ಬರಿನೆಲವು ಆಟಕ್ಕಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ಸಂಗೀತ ಕಾರ್ಯಕ್ರಮ, ಪ್ರಶಸ್ತಿ ಪ್ರದಾನ, ಪ್ರದರ್ಶನ ಮುಂತಾದವು ಇಲ್ಲಿ ನಡೆಯುತ್ತ ಬಂದಿವೆ. 2020ರಲ್ಲಿ ಕೊರೋನಾ ಮಹಾಮಾರಿಯು ನಗರವನ್ನು ಆವರಿಸಿದಾಗ ಇದೇ ಅಂಗಣದಲ್ಲಿ ಹಾಸಿಗೆಗಳ ಸಾಲುಗಳೆದ್ದು, ಅದು ಆರೈಕೆ ಕೇಂದ್ರವಾಯಿತು. 2025ರ ಜುಲೈ 5ರಂದು ಉದ್ಧವ ಠಾಕ್ರೆ ಹಾಗೂ ರಾಜ್ ಠಾಕ್ರೆ ಒಂದೇ ವೇದಿಕೆಯಲ್ಲಿ ಕಾಣಿಸಿಕೊಂಡ ಸಭೆಗೂ ಇದೇ ಸಾಕ್ಷಿಯಾಯಿತು.

ಇಂತಹ ಕಟ್ಟಡದ ನಿರ್ವಹಣೆಗೆ ಹಣ ಬೇಕು. ಆಟವೊಂದರಿಂದಲೇ ಅದು ಹುಟ್ಟುವುದಿಲ್ಲವೆಂಬುದು ನಿಜ. ಆದರೆ ವೇದಿಕೆ ಕಟ್ಟಿದ ದಿನ ಅಂಗಣ ಆಟಕ್ಕೆ ದೊರೆಯದು ಎಂಬುದೂ ಅಷ್ಟೇ ನಿಜ. ಅಲ್ಲದೆ ಇದು ಸದಸ್ಯತ್ವದ ಕ್ಲಬ್ಬಿಗೆ ಸೇರಿದ ಕ್ರೀಡಾಂಗಣ. ಸಾಮಾನ್ಯ ಕುಟುಂಬದ ಮಗುವಿಗೆ ಇಲ್ಲಿ ಪ್ರೇಕ್ಷಕನ ಆಸನ ಸಿಕ್ಕಷ್ಟು ಸುಲಭವಾಗಿ ಆಟಗಾರನ ನೆಲ ಸಿಗುವುದಿಲ್ಲ.

ನಮ್ಮವರ ಒಂದು ಮೇಲ್ಪಂಕ್ತಿ

ಈ ಸಂದರ್ಭದಲ್ಲಿ ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ನೆನಪಾಗುತ್ತದೆ. ಅಲ್ಲಿನ ಮದುವೆಯ ಸಭಾಂಗಣವೇ ಬ್ಯಾಡ್ಮಿಂಟನ್ ಅಂಗಣವೂ ಆಗಿತ್ತು. ಮದುವೆಯಿಲ್ಲದ ದಿನಗಳಲ್ಲಿ ಆಡಿ ಪಳಗಿದ ಬಾಲಕ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ಪ್ರಥಮ ಭಾರತೀಯರಾದರು. ವರ್ಲಿಯಲ್ಲಿ ಕ್ರೀಡಾಂಗಣವು ಸಭಾಂಗಣವಾಗುತ್ತದೆ; ಮಲ್ಲೇಶ್ವರದಲ್ಲಿ ಸಭಾಂಗಣವೇ ಕ್ರೀಡಾಂಗಣವಾಯಿತು.

ಬ್ಯಾಡ್ಮಿಂಟನ್ ಅಂಗಣಕ್ಕೆ ಬೇಕಾದುದು 13.4 ಮೀಟರ್ ಉದ್ದ, 6.1 ಮೀಟರ್ ಅಗಲ ಮತ್ತು ಸಾಕಷ್ಟು ಎತ್ತರದ ಚಾವಣಿ. ಟೇಬಲ್ ಟೆನಿಸ್ಸಿಗೆ ಇನ್ನೂ ಕಡಿಮೆ ಸ್ಥಳ ಸಾಕು. ಬೃಹನ್ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳು ಹಿರಿಯರ ಬೆವರಿನಿಂದ ಕಟ್ಟಿಕೊಂಡ ಸಭಾಗೃಹಗಳಲ್ಲಿ ಸಮಾರಂಭಗಳಿಲ್ಲದ ಮುಂಜಾವುಗಳೂ ಇವೆ. ವರ್ಲಿಯ ಗುಮ್ಮಟವು ದೊಡ್ಡ ಪಂದ್ಯಗಳಿಗೆ ಇರಲಿ. ಮಳೆಗಾಲದಲ್ಲಿ ಮಕ್ಕಳು ಮೊದಲ ಹೊಡೆತ ಕಲಿಯಲು ಮನೆಯ ಹತ್ತಿರದ ಚಾವಣಿಯೊಂದು ತೆರೆದರೆ ಸಾಕು.